ರೇಡಿಯೋದಲ್ಲಿ ಸಂಗೀತದ ಕೆಲಸ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ರೇಡಿಯೋದ ಸಂಗೀತ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿ ಈಗ ಹಾಸನದಲ್ಲೇ ನೆಲೆಸಿದ್ದೇನೆ. ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕಛೇರಿ ಮುಗಿದ ಮೇಲೆ ಸಭಾಂಗಣದ ಬಾಗಿಲಲ್ಲಿ ಜನ ನಿಲ್ಲಿಸಿ ಮಾತಾಡಿಸುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಅವುಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಇದು ನನ್ನ ಅನುಭವದ ಮಾತು, ಯಾವ ನಿಲಯದ ಅಧಿಕೃತ ಹೇಳಿಕೆಯೂ ಅಲ್ಲ. ಅರ್ಜಿ, ಶುಲ್ಕ, ಕೊನೆಯ ದಿನಾಂಕ ಇವನ್ನು ಸಾಲಗಾಮೆ ರಸ್ತೆಯ ಆಕಾಶವಾಣಿ ನಿಲಯದಲ್ಲೇ ವಿಚಾರಿಸಿ.

ಸಂಗೀತ ವಿಭಾಗ ನೋಡಿಕೊಳ್ಳುವವರು ದಿನವಿಡೀ ಹಾಡು ಕೇಳ್ತಾ ಕೂತಿರ್ತಾರಾ?

ಕೇಳುವುದೇ ಮುಖ್ಯ ಕೆಲಸ, ನಿಜ. ಆದರೆ ಅದರ ಹಿಂದೆ ಮುಂದೆ ಬೇಕಾದಷ್ಟಿದೆ. ಯಾವ ಕಲಾವಿದರಿಗೆ ಯಾವತ್ತು ಧ್ವನಿಮುದ್ರಣ ಎಂದು ಮೊದಲೇ ಗೊತ್ತುಮಾಡಿ ಕರಾರು ಪತ್ರ ಕಳಿಸಬೇಕು. ಪಕ್ಕವಾದ್ಯದವರನ್ನು ಹೊಂದಿಸಬೇಕು. ಬಂದವರನ್ನು ಸ್ಟುಡಿಯೋದಲ್ಲಿ ಕೂರಿಸಿ, ಶ್ರುತಿ ಸೇರಿಸಿ, ಮೈಕಿನ ಜಾಗ ನೋಡಬೇಕು. ಹಾಡಿಸಿದ ಮೇಲೆ ಕೆಮ್ಮು, ಹಾಳೆ ಮಗುಚಿದ ಸದ್ದು ಇದ್ದರೆ ತೆಗೆಯಬೇಕು. ಪ್ರತಿ ಹಾಡಿನ ಅವಧಿಯನ್ನು ನಿಮಿಷ, ಸೆಕೆಂಡಿನಲ್ಲಿ ಬರೆಯಬೇಕು. ಕೊನೆಗೆ ಅದನ್ನೆಲ್ಲ ಲೈಬ್ರರಿಗೆ ಸೇರಿಸಬೇಕು.

ಇದರ ಜೊತೆಗೆ ದಿನದ ಕ್ಯೂಶೀಟ್. ಉದ್ಘೋಷಕರ ಎದುರಿಗೆ ಇರುವ ಹಾಳೆ ಅದು. ಎಷ್ಟು ಗಂಟೆಗೆ ಯಾವ ಕಾರ್ಯಕ್ರಮ, ಯಾರ ಹಾಡು, ಎಷ್ಟು ನಿಮಿಷ, ಎಲ್ಲ ಅದರಲ್ಲಿರುತ್ತದೆ. ಹಾಡಿದವರು, ಬರೆದವರು, ರಾಗ ಹಾಕಿದವರು, ಪಿಟೀಲು ಮೃದಂಗ ನುಡಿಸಿದವರು, ಎಲ್ಲರ ಹೆಸರೂ ಅಲ್ಲಿ ಸರಿಯಾಗಿ ಇರಬೇಕು. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಅತ್ಯಂತ ಜವಾಬ್ದಾರಿಯದು ಇದೇ. ಹೆಸರು ಬರೆಯದೆ ಬಿಟ್ಟ ಹಾಡು ಇಪ್ಪತ್ತು ವರ್ಷ ಕಳೆದ ಮೇಲೆ ಯಾರದ್ದೂ ಅಲ್ಲದ ಹಾಡಾಗುತ್ತದೆ.

ನಾವೇ ಹಾಡಬೇಕಾ? ರಾಗ ಹಾಕಬೇಕಾ?

ಹಾಡಲೇಬೇಕೆಂದಿಲ್ಲ. ಆದರೆ ಶ್ರುತಿ ಅರ್ಧ ಎಳೆ ಇಳಿದರೂ ಕಿವಿಗೆ ಗೊತ್ತಾಗಬೇಕು. ರಾಗ ಸಂಯೋಜನೆಗೆಂದೇ ಕೆಲವು ನಿಲಯಗಳಲ್ಲಿ ಸಂಗೀತ ಸಂಯೋಜಕರು, ನಿಲಯದ ಕಲಾವಿದರು ಇರುತ್ತಿದ್ದರು. ತಂಬೂರಿ ಕಲಾವಿದರ ಹುದ್ದೆಯೇ ಬೇರೆ ಇತ್ತು. ಅಂಥ ಹುದ್ದೆಗಳು ಈಗ ತೀರ ಕಡಿಮೆಯಾಗಿವೆ. ಹಾಗಾಗಿ ಸಂಗೀತ ವಿಭಾಗದ ಕಾರ್ಯಕ್ರಮ ನಿರ್ವಾಹಕರೇ ಆಯ್ಕೆ, ಧ್ವನಿಮುದ್ರಣ, ಪ್ರಸಾರ ಎಲ್ಲವನ್ನೂ ನೋಡಿಕೊಳ್ಳಬೇಕಾದ ಪರಿಸ್ಥಿತಿ ಎಷ್ಟೋ ಕಡೆ ಇದೆ.

ನಮಗೆ ಇಷ್ಟವಾದ ಹಾಡನ್ನೇ ಹಾಕಬಹುದಲ್ವಾ?

ಹಾಗೆ ಮಾಡಿದರೆ ತಿಂಗಳಲ್ಲೇ ರೇಡಿಯೋ ಒಬ್ಬರ ಮನೆಯ ಟೇಪ್ ರೆಕಾರ್ಡರ್ ಆಗಿಬಿಡುತ್ತದೆ. ಆಕಾಶವಾಣಿಯ ಧ್ಯೇಯವಾಕ್ಯ ‘ಬಹುಜನ ಹಿತಾಯ ಬಹುಜನ ಸುಖಾಯ’. ಇದನ್ನು ನಾನು ಗೋಡೆಯ ಮೇಲಿನ ಬರಹ ಎಂದುಕೊಂಡಿಲ್ಲ. ಅರಸೀಕೆರೆಯ ತೆಂಗಿನ ತೋಟದಲ್ಲಿ ಕೇಳುವವರಿಗೆ, ಸಕಲೇಶಪುರದ ಕಾಫಿ ಕಣದಲ್ಲಿ ಕೇಳುವವರಿಗೆ, ಹೊಳೆನರಸೀಪುರದ ಹೋಟೆಲಿನಲ್ಲಿ ಬೆಳಗಿನ ಇಡ್ಲಿ ಬೇಯಿಸುವವರಿಗೆ ಒಂದೇ ಹಾಡು ಹೋಗುತ್ತದೆ. ಅವರು ಮುಂದಿನ ಹಾಡು ಆರಿಸಿಕೊಳ್ಳುವ ಹಾಗಿಲ್ಲ. ಅವರ ಪರವಾಗಿ ಆರಿಸುವವರು ನೀವು.

ಆದ್ದರಿಂದ ಶಾಸ್ತ್ರೀಯ, ಸುಗಮ, ಜಾನಪದ, ಭಕ್ತಿ, ರಂಗಗೀತೆ, ಸಿನಿಮಾ, ಪ್ರತಿಯೊಂದಕ್ಕೂ ವೇಳಾಪಟ್ಟಿಯಲ್ಲಿ ಜಾಗ ಇರುತ್ತದೆ. ಆ ಜಾಗದೊಳಗೆ ಯಾವ ಹಾಡು ಎನ್ನುವುದು ಮಾತ್ರ ನಿಮ್ಮ ತೀರ್ಮಾನ. ನಿಮ್ಮ ರುಚಿಗೆ ಅಲ್ಲಿ ಬೇಕಾದಷ್ಟು ಕೆಲಸ ಸಿಗುತ್ತದೆ. ಒಂದೇ ಗಾಯಕರು ವಾರದಲ್ಲಿ ನಾಲ್ಕು ಸಲ ಬರದ ಹಾಗೆ ನೋಡುವುದು, ದುಃಖದ ಹಾಡಿನ ಬೆನ್ನಿಗೇ ಕುಣಿತದ ಹಾಡು ಬಾರದ ಹಾಗೆ ಜೋಡಿಸುವುದು, ಯಾರೂ ಕೇಳದೆ ಮೂಲೆ ಸೇರಿದ ಒಳ್ಳೆಯ ಧ್ವನಿಮುದ್ರಣವನ್ನು ಮತ್ತೆ ಹೊರಗೆ ತರುವುದು, ಎಲ್ಲ ನಿಮ್ಮ ಕೈಯಲ್ಲೇ ಇದೆ.

ಬೆಳಗ್ಗೆ ಬರುವ ಆ ಟ್ಯೂನ್ ಯಾರದ್ದು?

ಪ್ರಸಾರ ಆರಂಭವಾಗುವಾಗ ಬರುವ ಸಂಕೇತ ರಾಗವನ್ನು ಸಂಯೋಜಿಸಿದವರು ವಾಲ್ಟರ್ ಕೌಫ್‌ಮನ್. ಈಗಿನ ಜೆಕ್ ದೇಶದಿಂದ ಮುಂಬೈಗೆ ಬಂದು ನೆಲೆಸಿದ್ದ ಯಹೂದಿ ಸಂಗೀತಗಾರ. 1930ರ ದಶಕದಲ್ಲಿ ಆಕಾಶವಾಣಿಯ ಮುಂಬೈ ನಿಲಯದಲ್ಲಿ ಕೆಲಸ ಮಾಡಿದರು. ತಂಬೂರಿಯ ಮೇಲೆ ಪಿಟೀಲು ಹರಿಯುವ ಆ ಕೆಲವೇ ಸೆಕೆಂಡುಗಳನ್ನು ಕೇಳಿದರೆ ಶಿವರಂಜಿನಿ ರಾಗದ ಛಾಯೆ ಗೊತ್ತಾಗುತ್ತದೆ. ಅದಾದ ಮೇಲೆ ವಂದೇ ಮಾತರಂ.

‘ಆಕಾಶವಾಣಿ’ ಎಂಬ ಹೆಸರು ಮಾತ್ರ ನಮ್ಮ ಪಕ್ಕದ ಮೈಸೂರಿನ ಕೊಡುಗೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ಶುರು ಮಾಡಿದರು. ಆ ಕೇಂದ್ರದ ಹೆಸರೇ ಮುಂದೆ ಇಡೀ ದೇಶದ್ದಾಯಿತು. 2023ರಿಂದ ಇಂಗ್ಲಿಷ್ ಪ್ರಸಾರದಲ್ಲೂ ‘ಆಕಾಶವಾಣಿ’ ಎಂದೇ ಹೇಳುತ್ತಿದ್ದಾರೆ.

ಶಾಸ್ತ್ರೀಯ ಸಂಗೀತವನ್ನು ಈಗ ಯಾರು ಕೇಳ್ತಾರೆ? ಆ ಹೊತ್ತಿಗೆ ಬೇರೆ ಏನಾದರೂ ಹಾಕಬಾರದಾ?

ಈ ಪ್ರಶ್ನೆಯನ್ನು ಹಾಸನದಲ್ಲಿ ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಇರುವುದು ಇದೇ ಜಿಲ್ಲೆಯಲ್ಲಿ. ಕಾವೇರಿ ದಡದ ಆ ಒಂದು ಊರಿನಿಂದ ಎಷ್ಟು ಸಂಗೀತಗಾರರ ಮನೆತನಗಳು ಬಂದವು ಎಂದು ನೆನೆದರೆ ಆಶ್ಚರ್ಯ. ಆರ್.ಕೆ. ಶ್ರೀಕಂಠನ್ ಅಲ್ಲಿಯವರು. ಅವರು ಮೈಸೂರು, ಬೆಂಗಳೂರು ಆಕಾಶವಾಣಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದರು. 2011ರಲ್ಲಿ ಪದ್ಮಭೂಷಣ ಬಂತು. ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಹಾಡಿದವರು. ಇಂದಿಗೂ ರುದ್ರಪಟ್ಟಣದಲ್ಲಿ ಸಂಗೀತೋತ್ಸವ ನಡೆಯುತ್ತದೆ. ಸಪ್ತಸ್ವರ ದೇವತೆಗಳಿಗೆಂದೇ ತಂಬೂರಿಯ ಆಕಾರದ ಧ್ಯಾನಮಂದಿರ ಕಟ್ಟಿದ್ದಾರೆ. ಒಮ್ಮೆ ಹೋಗಿ ನೋಡಿ.

ವೀಣೆಯ ವಿ. ದೊರೆಸ್ವಾಮಿ ಅಯ್ಯಂಗಾರ್ ಹುಟ್ಟಿದ್ದು ಹಾಸನದ ಹತ್ತಿರದ ಗಡ್ಡವಳ್ಳಿಯಲ್ಲಿ. ಅವರೂ ಬೆಂಗಳೂರು ಆಕಾಶವಾಣಿಯಲ್ಲಿ ಸಂಗೀತ ವಿಭಾಗದ ಹೊಣೆ ಹೊತ್ತವರು. ಇಷ್ಟು ದೊಡ್ಡ ವೈಣಿಕರು ಕಛೇರಿಯ ಜೊತೆ ರೇಡಿಯೋ ಕೆಲಸವನ್ನೂ ಶ್ರದ್ಧೆಯಿಂದ ಮಾಡಿದರು ಎಂಬುದು ಈ ಕೆಲಸಕ್ಕೆ ಬರುವ ಹುಡುಗರಿಗೆ ಗೊತ್ತಿರಬೇಕು.

ಕೇಳುವವರು ಕಡಿಮೆ ಇರಬಹುದು. ಆದರೆ ಅರ್ಧ ಗಂಟೆ ಒಬ್ಬರೇ ಕಲಾವಿದರಿಗೆ, ನಡುವೆ ಜಾಹೀರಾತು ಇಲ್ಲದೆ, ಬೇರೆ ಯಾರು ಕೊಡುತ್ತಾರೆ? ಚಿಕ್ಕಮಗಳೂರಿನಲ್ಲಿ ಪಾಠ ಕಲಿಯುತ್ತಿರುವ ಒಂದು ಮಗು ಒಳ್ಳೆಯ ತೋಡಿ ಆಲಾಪನೆಯನ್ನು ಕಾಸು ಖರ್ಚಿಲ್ಲದೆ ಕೇಳಬೇಕಾದರೆ ಆ ಅರ್ಧ ಗಂಟೆ ಇರಲೇಬೇಕು.

ನನ್ನ ಮಗಳು ಚೆನ್ನಾಗಿ ಹಾಡುತ್ತಾಳೆ. ರೇಡಿಯೋದಲ್ಲಿ ಹಾಡಿಸಲು ಏನು ಮಾಡಬೇಕು?

ಆಡಿಷನ್, ಅಂದರೆ ಧ್ವನಿಪರೀಕ್ಷೆ, ಕೊಡಬೇಕು. ಬೇರೆ ದಾರಿ ಇಲ್ಲ. ಶಿಫಾರಸು ತರಬೇಡಿ, ದಯವಿಟ್ಟು. ನಿಲಯದಲ್ಲಿ ಅರ್ಜಿ ಪಡೆದು, ಯಾವ ಪ್ರಕಾರ ಎಂದು ಬರೆದು ಕೊಡಬೇಕು: ಕರ್ನಾಟಕ ಶಾಸ್ತ್ರೀಯ, ಹಿಂದೂಸ್ತಾನಿ, ಸುಗಮ ಸಂಗೀತ, ಜಾನಪದ ಹೀಗೆ. ಶಾಸ್ತ್ರೀಯ ಸಂಗೀತಕ್ಕೆ ತಯಾರಾದ ರಾಗ, ಕೃತಿಗಳ ಪಟ್ಟಿ ಕೊಡಬೇಕಾಗುತ್ತದೆ. ಅದರಲ್ಲಿ ಯಾವುದನ್ನು ಹಾಡಬೇಕು ಎಂದು ಪರೀಕ್ಷಕರು ಕೇಳುತ್ತಾರೆ. ಪಟ್ಟಿ ಉದ್ದ ಕಾಣಲಿ ಎಂದು ಅರ್ಧಂಬರ್ಧ ಬರುವ ರಾಗ ಸೇರಿಸುವವರು ಬಹಳ. ಅವರನ್ನು ಕೇಳುವುದು ಆ ರಾಗವನ್ನೇ.

ತೇರ್ಗಡೆಯಾದರೆ ಶ್ರೇಣಿ ಸಿಗುತ್ತದೆ. ಬಿ, ಬಿ-ಹೈ, ಎ, ಅದರ ಮೇಲೆ ಟಾಪ್. ಶ್ರೇಣಿಗೆ ತಕ್ಕಂತೆ ಸಂಭಾವನೆ. ಶಾಸ್ತ್ರೀಯ ಸಂಗೀತದಲ್ಲಿ ಮೊದಲು ಸ್ಥಳೀಯ ಸಮಿತಿ ಕೇಳುತ್ತದೆ, ಆಮೇಲೆ ಧ್ವನಿಮುದ್ರಣ ದೆಹಲಿಯ ಸಂಗೀತ ಆಡಿಷನ್ ಮಂಡಳಿಗೆ ಹೋಗುತ್ತದೆ. ಈ ವ್ಯವಸ್ಥೆ ಗಟ್ಟಿಯಾದದ್ದು 1950ರ ದಶಕದಲ್ಲಿ. ಆಗ ಹೆಸರಾಂತ ಕಲಾವಿದರೇ ‘ನಮಗೂ ಪರೀಕ್ಷೆಯಾ’ ಎಂದು ಪ್ರತಿಭಟಿಸಿದ್ದರು. ಹಾಡುವವರ ಮುಖ, ಮನೆತನ ನೋಡದೆ ಧ್ವನಿಯನ್ನು ಮಾತ್ರ ಕೇಳಬೇಕು ಎಂಬುದು ಅದರ ಹಿಂದಿನ ಉದ್ದೇಶ. ಆ ಉದ್ದೇಶ ನನಗೆ ಇಂದಿಗೂ ಸರಿಯಾಗಿಯೇ ಕಾಣುತ್ತದೆ.

ಒಮ್ಮೆ ಆಯ್ಕೆಯಾಗಲಿಲ್ಲ. ಮತ್ತೆ ಹೋಗಬಹುದಾ?

ಖಂಡಿತ ಹೋಗಬಹುದು. ಎರಡು ಪರೀಕ್ಷೆಗಳ ನಡುವೆ ಇಷ್ಟು ಕಾಲ ಬಿಡಬೇಕು ಎಂಬ ನಿಯಮ ಇರುತ್ತದೆ, ನಿಲಯದಲ್ಲಿ ಕೇಳಿಕೊಳ್ಳಿ. ಆ ಮಧ್ಯೆ ಮಾಡಬೇಕಾದದ್ದು ಒಂದೇ: ಮೈಕಿನ ಎದುರು ಹಾಡಿ, ರೆಕಾರ್ಡ್ ಮಾಡಿ, ಮಾರನೆಯ ದಿನ ಕೇಳಿ. ಸಭೆಯಲ್ಲಿ ಚೆನ್ನಾಗಿ ಹಾಡುವ ಎಷ್ಟೋ ಮಕ್ಕಳು ಸ್ಟುಡಿಯೋದ ನಿಶ್ಶಬ್ದಕ್ಕೆ ಗಾಬರಿಯಾಗುತ್ತಾರೆ. ಅಲ್ಲಿ ಚಪ್ಪಾಳೆ ಇಲ್ಲ, ತಲೆದೂಗುವವರಿಲ್ಲ. ಗಾಜಿನ ಆಚೆ ಯಾರೋ ಕೂತಿರುತ್ತಾರೆ. ಅದು ಅಭ್ಯಾಸದಿಂದಲೇ ಹೋಗಬೇಕು.

ಜಾನಪದ ಹಾಡನ್ನು ಹಳ್ಳಿಗೇ ಹೋಗಿ ರೆಕಾರ್ಡ್ ಮಾಡುತ್ತಾರಂತೆ, ಹೌದಾ?

ಹೌದು. ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರೀತಿಯ ಭಾಗ ಇದು, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಬಯಲುಸೀಮೆಯೂ ಇದೆ, ಮಲೆನಾಡೂ ಇದೆ. ಅರಸೀಕೆರೆ, ಕಡೂರು ಕಡೆ ಹೋದರೆ ಬಯಲುಸೀಮೆಯ ಮೂಡಲಪಾಯ ಯಕ್ಷಗಾನದ ಭಾಗವತಿಕೆ, ಮುಖವೀಣೆ, ವೀರಗಾಸೆಯ ಒಡಪು, ತತ್ವಪದ, ಭಜನೆ. ಮೂಡಿಗೆರೆ, ಸಕಲೇಶಪುರದ ಕಡೆ ಸುಗ್ಗಿ ಕುಣಿತ. ಕೊಪ್ಪ, ಶೃಂಗೇರಿಯ ಕಡೆ ದೀಪಾವಳಿಗೆ ಮನೆ ಮನೆಗೆ ದೀಪ ಹೊತ್ತು ಹಾಡುತ್ತಾ ಬರುವ ಅಂಟಿಗೆ-ಪಂಟಿಗೆಯವರು. ಎಲ್ಲ ಕಡೆ ಮದುವೆಯ ಸೋಬಾನೆ, ರಾಗಿ ಬೀಸುವ ಪದ, ನಾಟಿ ಪದ. ಕಾಫಿ ತೋಟದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ತುಳು, ತಮಿಳು ಪದಗಳೂ ಕೇಳಿಸುತ್ತವೆ.

ಸ್ಟುಡಿಯೋಗೆ ಕರೆಸಿ ಹಾಡಿಸಿದರೆ ಇವುಗಳಲ್ಲಿ ಅರ್ಧ ಜೀವ ಹೋಗುತ್ತದೆ. ಬೀಸುಕಲ್ಲಿನ ಮುಂದೆ ಹಾಡಿ ಅಭ್ಯಾಸವಿರುವ ಅಜ್ಜಿಗೆ ಕುರ್ಚಿ ಹಾಕಿ ‘ಹಾಡಿ ಅಜ್ಜಿ’ ಎಂದರೆ ಲಯ ಬರುವುದಿಲ್ಲ. ಕಲ್ಲು ಇರಲಿ, ಕೈಗೆ ಕೆಲಸ ಇರಲಿ, ಪಕ್ಕದಲ್ಲಿ ಎತ್ತಿಕೊಂಡು ಹಾಡುವ ಇನ್ನಿಬ್ಬರು ಕೂತಿರಲಿ. ಸೋಬಾನೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಆ ಎತ್ತಿಕೊಳ್ಳುವ ಧ್ವನಿಗಳೂ ಸರಿಯಾಗಿ ಬರುವಂತೆ ಮೈಕ್ ಇಡಬೇಕು. ಹೇಳಿಕೊಡುವವರ ಬಾಯಿಗೇ ಮೈಕ್ ಹಿಡಿದರೆ ಹಾಡು ಒಂಟಿಯಾಗುತ್ತದೆ.

ಹೊತ್ತು ಗೊತ್ತು ನೋಡಿ ಹೋಗಬೇಕು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹಂಚಿನ ಮನೆ, ತಗಡಿನ ಮನೆಯೊಳಗೆ ರೆಕಾರ್ಡಿಂಗ್ ಆಗುವುದಿಲ್ಲ. ಸಂಜೆಯಾದರೆ ಜೀರುಂಡೆ. ಅದರ ಸದ್ದು ಒಮ್ಮೆ ಧ್ವನಿಮುದ್ರಣದಲ್ಲಿ ಸೇರಿದರೆ ಹಾಡಿಗೆ ಪೆಟ್ಟಾಗದಂತೆ ತೆಗೆಯುವುದು ಬಹಳ ಕಷ್ಟ. ಬೆಳಗಿನ ತಿಂಡಿ ಆಗಿ, ಕೆಲಸಕ್ಕೆ ಹೋಗುವ ಮುಂಚಿನ ಹೊತ್ತು ಒಳ್ಳೆಯದು. ಪಂಪ್‌ಸೆಟ್, ಫ್ಯಾನು, ಫ್ರಿಜ್ಜು ಎಲ್ಲ ಆರಿಸಿ ಎಂದು ಮೊದಲೇ ಕೇಳಿಕೊಳ್ಳಬೇಕು. ನಾಯಿ ಬೊಗಳಿದರೆ ಇರಲಿ, ಅದು ಊರಿನ ಸದ್ದು.

ಮುಗಿದ ಮೇಲೆ ಬರೆದುಕೊಳ್ಳಬೇಕು. ಹಾಡಿದವರ ಹೆಸರು, ಊರು, ಹೋಬಳಿ, ತಾಲ್ಲೂಕು. ಯಾರಿಂದ ಕಲಿತರು. ಯಾವ ಸಂದರ್ಭದ ಹಾಡು. ‘ಗುಂಪು ಗಾಯನ, ಹಾಸನ ಜಿಲ್ಲೆ’ ಎಂದಷ್ಟೇ ಬರೆದ ಪೆಟ್ಟಿಗೆಗಳನ್ನು ಬೇರೆ ಬೇರೆ ಕಡೆ ನೋಡಿದ್ದೇನೆ. ಒಳಗೆ ಅದ್ಭುತವಾದ ದನಿ ಇರುತ್ತದೆ. ಯಾರದ್ದು? ಹೇಳುವವರು ಯಾರೂ ಉಳಿದಿಲ್ಲ. ಹಾಡಿದವರ ಮೊಮ್ಮಕ್ಕಳು ಪಕ್ಕದ ಬೀದಿಯಲ್ಲೇ ಇರಬಹುದು, ಅವರಿಗೂ ತಿಳಿಯುವುದಿಲ್ಲ.

ಹಾಡಿದ ಅಜ್ಜಿಯರಿಗೆ ದುಡ್ಡು ಕೊಡುತ್ತಾರಾ?

ಕೊಡಬೇಕು, ಕೊಡುತ್ತಾರೆ. ಕರಾರು ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಬೇಕಾಗುತ್ತದೆ. ಸಂಗೀತ ವಿಭಾಗದವರು ಆ ಕಾಗದಗಳನ್ನು ತಾವೇ ಮುಂದೆ ನಿಂತು ಮಾಡಿಸಬೇಕು. ಹಾಡು ಬಂತು, ಕಾಗದ ಬರಲಿಲ್ಲ ಎಂದು ಹಣ ನಿಂತರೆ ಆ ಮನೆಗೆ ಮತ್ತೆ ಹೋಗಲು ಮುಖ ಇರುವುದಿಲ್ಲ. ಯಾವ ದಿನ ಎಷ್ಟು ಗಂಟೆಗೆ ಪ್ರಸಾರ ಎನ್ನುವುದನ್ನೂ ತಪ್ಪದೆ ತಿಳಿಸಬೇಕು. ಊರಿಗೆ ಊರೇ ಕಾದು ಕೇಳುತ್ತದೆ.

ಕವಿತೆಗೆ ನಾನೇ ಹೊಸ ರಾಗ ಹಾಕಿದ್ದೇನೆ. ಪ್ರಸಾರ ಮಾಡುತ್ತಾರಾ?

ಮೊದಲು ಕವಿಯ ಅನುಮತಿ ಇದೆಯಾ ನೋಡಿ. ನಮ್ಮ ದೇಶದ ಕಾನೂನಿನಲ್ಲಿ ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ನಮ್ಮವರೇ. ಆದರೂ ಅವರು ತೀರಿಕೊಂಡದ್ದು 1994ರಲ್ಲಿ. ಅಂದರೆ ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೂ ಇದೆ. ದಾಸರ ಪದ, ವಚನ, ದೇವನೂರಿನ ಲಕ್ಷ್ಮೀಶನ ಷಟ್ಪದಿ ಇವುಗಳಿಗೆ ಆ ಪ್ರಶ್ನೆ ಇಲ್ಲ. ಆದರೆ ಗಮನಿಸಿ: ಪದ ಹಳೆಯದಾದರೂ ಅದನ್ನು ಹಾಡಿದ ಧ್ವನಿಮುದ್ರಣಕ್ಕೆ ಬೇರೆಯದೇ ಹಕ್ಕು ಇರುತ್ತದೆ. ಪುರಂದರದಾಸರ ಪದ ಎಂದು ಯಾರದೋ ಸಿಡಿಯಿಂದ ತೆಗೆದು ಹಾಕುವ ಹಾಗಿಲ್ಲ.

ರಾಗದ ವಿಷಯ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ನಾಡಗೀತೆಯೇ ಸಾಕ್ಷಿ. 2004ರಲ್ಲಿ ಅದು ಅಧಿಕೃತ ನಾಡಗೀತೆಯಾಯಿತು. ಯಾವ ಧಾಟಿ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನು, 2 ನಿಮಿಷ 30 ಸೆಕೆಂಡಿನ ಅವಧಿಯನ್ನು ಗೊತ್ತುಮಾಡಿತು.

ಇನ್ನು ಹೊಸ ರಾಗ ಸಂಯೋಜನೆ ಕೇಳುವಾಗ ನಾನು ಮೊದಲು ನೋಡುತ್ತಿದ್ದದ್ದು ಒಂದೇ: ಮಾತು ಕೇಳಿಸುತ್ತಿದೆಯಾ? ರೇಡಿಯೋದಲ್ಲಿ ಸಾಹಿತ್ಯದ ಹಾಳೆ ಕೇಳುಗರ ಕೈಯಲ್ಲಿರುವುದಿಲ್ಲ. ಪದ ಎಲ್ಲೋ ಒಡೆದು, ಅರ್ಥ ಕೆಡುವಂತೆ ಎಳೆದರೆ ರಾಗ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಪಿ. ಕಾಳಿಂಗರಾವ್ ಅವರ ಹಳೆಯ ಧ್ವನಿಮುದ್ರಣಗಳನ್ನು ಕೇಳಿ. ಒಂದೊಂದು ಅಕ್ಷರವೂ ನಿಚ್ಚಳ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷದಷ್ಟು. ಅಷ್ಟರಲ್ಲೇ ಹೇಳಬೇಕಾದದ್ದನ್ನೆಲ್ಲ ಹೇಳುತ್ತಿದ್ದರು.

ಹಾರ್ಮೋನಿಯಂ ಬಾರಿಸುವವರನ್ನು ರೇಡಿಯೋದವರು ಸೇರಿಸುತ್ತಿರಲಿಲ್ಲವಂತೆ?

ನಿಜ. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧವಾಯಿತು. ಅದರ ಸ್ವರದ ಮನೆಗಳು ಮೊದಲೇ ಗಟ್ಟಿಯಾಗಿ ಕೂತಿರುತ್ತವೆ, ಸ್ವರವನ್ನು ತೂಗಿ ಎಳೆಯುವ ನಮ್ಮ ಗಮಕ, ಜಾರು ಅದರಲ್ಲಿ ಬರುವುದಿಲ್ಲ ಎಂಬುದು ಕಾರಣ. 1971ರಲ್ಲಿ ನಿರ್ಬಂಧ ಸಡಿಲವಾಯಿತು. ಗಮಕದ ವಾದದಲ್ಲಿ ಸತ್ಯವಿದೆ. ಆದರೆ ನಮ್ಮ ಜಿಲ್ಲೆಗಳ ಹಳ್ಳಿ ಹಳ್ಳಿಯಲ್ಲಿ ಪೌರಾಣಿಕ ನಾಟಕ ಕಲಿಸುವವರು ಹಾರ್ಮೋನಿಯಂ ಮೇಷ್ಟ್ರುಗಳೇ. ಕುರುಕ್ಷೇತ್ರದ ಕಂದಪದ್ಯ, ರಂಗಗೀತೆಗಳೆಲ್ಲ ಅವರ ಬೆರಳ ತುದಿಯಲ್ಲಿವೆ. ಮೂವತ್ತು ವರ್ಷ ಅವರ ವಾದ್ಯಕ್ಕೆ ಬಾಗಿಲು ಮುಚ್ಚಿದ್ದು ನಷ್ಟವೇ ಎಂದು ನಾನು ತಿಳಿದಿದ್ದೇನೆ. ಈಗಂತೂ ಬಾಗಿಲು ತೆರೆದಿದೆ. ವಯಸ್ಸಾದ ಮೇಷ್ಟ್ರುಗಳನ್ನು ಹುಡುಕಿ ಕೂರಿಸಿ ಧ್ವನಿಮುದ್ರಣ ಮಾಡಿಕೊಳ್ಳುವುದು ತುರ್ತಿನ ಕೆಲಸ.

ಸಿನಿಮಾ ಹಾಡು ಜಾಸ್ತಿ ಹಾಕಿದರೆ ಜನ ಜಾಸ್ತಿ ಕೇಳುವುದಿಲ್ಲವಾ?

ಕೇಳುತ್ತಾರೆ. ಅದನ್ನು ಅಲ್ಲಗಳೆದರೆ ಏನಾಗುತ್ತದೆ ಎಂದು ಆಕಾಶವಾಣಿ ಒಮ್ಮೆ ನೋಡಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದ ಮೇಲೆ ಸಿನಿಮಾ ಹಾಡು ಹೆಚ್ಚೂಕಡಿಮೆ ನಿಂತೇ ಹೋಯಿತು. ದೇಶದ ಜನ ಸಿನಿಮಾ ಹಾಡು ಹಾಕುತ್ತಿದ್ದ ಶ್ರೀಲಂಕಾದ ರೇಡಿಯೋ ಸಿಲೋನ್ ಕಡೆ ತಿರುಗಿದರು. 1957ರ ಅಕ್ಟೋಬರ್ 3ರಂದು ಆಕಾಶವಾಣಿಯದೇ ಮನರಂಜನೆಯ ವಾಹಿನಿ ವಿವಿಧ ಭಾರತಿ ಶುರುವಾದ ಮೇಲೆ ಕೇಳುಗರು ಮೆಲ್ಲಗೆ ಮರಳಿದರು. ಅದೇ ಕೇಸ್ಕರ್ ಕಾಲದಲ್ಲೇ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಿಂದ ಸಂಗೀತ ಸಮ್ಮೇಳನ ಬಂದವು ಎನ್ನುವುದನ್ನೂ ಮರೆಯಬಾರದು.

ಹಾಗಾಗಿ ಸಿನಿಮಾ ಹಾಡಿಗೆ ಅದರ ಹೊತ್ತು ಇರಲಿ, ಧಾರಾಳವಾಗಿಯೇ ಇರಲಿ. ಆದರೆ ಸಿನಿಮಾ ಹಾಡು ಎಲ್ಲ ಕಡೆ ಸಿಗುತ್ತದೆ. ಸುಗ್ಗಿ ಪದ ಸಿಗುವುದಿಲ್ಲ.

ನಾನು ಆಲ್ಬಂ ಮಾಡಿದ್ದೇನೆ. ಪೆನ್‌ಡ್ರೈವ್ ಕೊಟ್ಟರೆ ಹಾಕುತ್ತಾರಾ?

ಕೊಡಬಹುದು. ಹಾಕಲೇಬೇಕೆಂದು ಒತ್ತಾಯಿಸಬೇಡಿ. ಹಕ್ಕು ಯಾರದ್ದು ಎಂಬ ಪತ್ರ ಜೊತೆಯಲ್ಲಿರಲಿ. ಸಾಹಿತ್ಯದಲ್ಲಿ ಅಂಗಡಿ, ಕಂಪನಿ, ಪಕ್ಷದ ಹೆಸರು ಬಂದರೆ ಪ್ರಸಾರ ಆಗುವುದಿಲ್ಲ. ಜಾತಿ, ಧರ್ಮದ ನಿಂದನೆ, ಅಶ್ಲೀಲ ಇದ್ದರೂ ಅಷ್ಟೆ. ಹಾಡಿನ ಬದಲು ಉಡುಗೊರೆ ತೆಗೆದುಕೊಂಡು ಬರುವವರಿಗೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸಬೇಕು. ಈ ಕುರ್ಚಿಯಲ್ಲಿ ಕೂತವರು ಒಬ್ಬರಿಂದ ಒಂದು ಕೆ.ಜಿ. ಕಾಫಿಪುಡಿ ತೆಗೆದುಕೊಂಡರೂ ನಾಳೆಯಿಂದ ಅವರ ಕಿವಿ ಅವರದ್ದಾಗಿ ಉಳಿಯುವುದಿಲ್ಲ.

ಹಳೆಯ ಟೇಪುಗಳೆಲ್ಲ ಏನಾದವು?

ಕಾಲು ಇಂಚಿನ ಟೇಪುಗಳ ಕಾಲ ಮುಗಿದು ಈಗ ಎಲ್ಲ ಕಂಪ್ಯೂಟರಿನಲ್ಲೇ. ಹಳೆಯದನ್ನು ಡಿಜಿಟಲ್ ಮಾಡುವ ಕೆಲಸ ಬೇರೆ ಬೇರೆ ನಿಲಯಗಳಲ್ಲಿ ಬೇರೆ ಬೇರೆ ವೇಗದಲ್ಲಿ ನಡೆದಿದೆ. ನಮ್ಮ ಕಡೆಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಲೇಪ ಅಂಟಂಟಾಗುತ್ತದೆ. ಅಂಥ ಟೇಪನ್ನು ಅವಸರದಲ್ಲಿ ಓಡಿಸಿದರೆ ಲೇಪವೇ ಕಿತ್ತು ಬರುತ್ತದೆ. ಮತ್ತೆ ಆ ದನಿ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಿಯ ಹಾಡಿನ ಕ್ಯಾಸೆಟ್ ಇದ್ದರೆ ಇವತ್ತೇ ತೆಗೆದು ನೋಡಿ. ಮಳೆಗಾಲಕ್ಕೆ ಮುಂಚೆ ಡಿಜಿಟಲ್ ಮಾಡಿಸಿ.

ಧ್ವನಿಮುದ್ರಣಕ್ಕೆ ಬರುವಾಗ ಏನು ಗಮನಿಸಬೇಕು?

ಗಲಗಲ ಎನ್ನುವ ಬಳೆ, ಗರಗರ ಎನ್ನುವ ಹೊಸ ರೇಷ್ಮೆ ಸೀರೆ ಬೇಡ. ಅರ್ಧ ಗಂಟೆ ಮೊದಲೇ ಬನ್ನಿ. ಮೃದಂಗ, ತಬಲಾ ಸ್ಟುಡಿಯೋದ ತಂಪಿಗೆ ಹೊಂದಿಕೊಳ್ಳಲು ಹೊತ್ತು ಬೇಕು. ಸಾಹಿತ್ಯವನ್ನು ಬಿಡಿ ಹಾಳೆಗಳಲ್ಲಿ ಬರೆದು ತನ್ನಿ, ಪುಸ್ತಕ ಮಗುಚಿದರೆ ಸದ್ದಾಗುತ್ತದೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹಾಡಿ ನೋಡಿ. ವಾರ್ತೆಯ ಹೊತ್ತು ಯಾರಿಗೂ ಕಾಯುವುದಿಲ್ಲ. ಅರ್ಧ ಗಂಟೆಯ ಕಛೇರಿಯಲ್ಲಿ ಮೊದಲು ಹಾಡುವ ವರ್ಣಕ್ಕೇ ಹತ್ತು ನಿಮಿಷ ಹೋದರೆ ಕೊನೆಯ ದೇವರನಾಮವನ್ನು ಕತ್ತರಿಸಬೇಕಾಗುತ್ತದೆ. ಪಲ್ಲವಿಗೆ ಮರಳುವ ಮೊದಲೇ ಹಾಡು ಕತ್ತರಿಸುವುದು ನನ್ನಿಂದ ಆಗದ ಕೆಲಸ.

ದೊಡ್ಡವರು ತೀರಿಕೊಂಡಾಗ ಹಾಡುಗಳೆಲ್ಲ ಬದಲಾಗುತ್ತವೆ. ಅದು ಹೇಗೆ?

ಶೋಕಾಚರಣೆ ಘೋಷಣೆಯಾದ ಕೂಡಲೇ ಸಿನಿಮಾ ಹಾಡು, ಹಾಸ್ಯ ಎಲ್ಲ ತೆಗೆದು ಗಂಭೀರವಾದ ವಾದ್ಯಸಂಗೀತ, ಭಕ್ತಿ ಸಂಗೀತ ಹಾಕಬೇಕು. ಅದಕ್ಕೆಂದೇ ವೀಣೆ, ಕೊಳಲು, ಸಾರಂಗಿಯ ಧ್ವನಿಮುದ್ರಣಗಳನ್ನು ಬೇರೆ ತೆಗೆದಿಟ್ಟಿರಬೇಕು. ಸುದ್ದಿ ರಾತ್ರಿ ಬರಬಹುದು, ಭಾನುವಾರ ಬರಬಹುದು. ಡ್ಯೂಟಿ ರೂಮಿನಲ್ಲಿ ಆ ಹೊತ್ತಿಗೆ ಒಬ್ಬರೇ ಇರಬಹುದು. ಅವರ ಕೈಗೆ ತಕ್ಷಣ ಸಿಗುವಂತೆ ಇಡುವುದು ನಿಮ್ಮ ಕೆಲಸ.

ನಮ್ಮ ಕಾಫಿ ತೋಟದಲ್ಲಿ ಸರಿಯಾಗಿ ಕೇಳಿಸುವುದೇ ಇಲ್ಲ. ಯಾಕೆ?

ಹಾಸನ ಆಕಾಶವಾಣಿ 102.2 ಎಫ್‌ಎಂನಲ್ಲಿದೆ. ಎಫ್‌ಎಂ ಅಲೆ ಹೆಚ್ಚೂಕಡಿಮೆ ನೇರವಾಗಿ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ತಡೆಯುತ್ತದೆ. ಗುಡ್ಡದ ನೆತ್ತಿಯ ಮನೆಗೆ ಚೆನ್ನಾಗಿ ಕೇಳಿಸಿ ಕಣಿವೆಯ ಮನೆಗೆ ಕೇಳಿಸದಿರುವುದು ಅದಕ್ಕೇ. ಏರಿಯಲ್ ಎತ್ತರಕ್ಕೆ ಕಟ್ಟಿ ನೋಡಿ. ಇಂಟರ್‌ನೆಟ್ ಇದ್ದರೆ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿ ನಿಲಯಗಳು ಸಿಗುತ್ತವೆ. ಅಂದಹಾಗೆ, ದೇಶದ ಸಂಪರ್ಕ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಇರುವುದೂ ಹಾಸನದಲ್ಲೇ. ದೆಹಲಿಯ ಕಾರ್ಯಕ್ರಮಗಳು ಉಪಗ್ರಹದ ಮೂಲಕ ಊರೂರಿನ ನಿಲಯಗಳಿಗೆ ಬರುವಾಗ ನನಗೆ ಅದು ಎಷ್ಟೋ ಸಲ ನೆನಪಾಗಿದೆ.

ಈ ಕೆಲಸಕ್ಕೆ ಏನು ಓದಬೇಕು?

ಕಾಯಂ ಹುದ್ದೆಗಳ ಪ್ರಕಟಣೆ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯ ಜಾಲತಾಣದಲ್ಲಿ ಬರುತ್ತದೆ. ಅಪರೂಪಕ್ಕೆ ಬರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಲ್ಲಿಯವರೆಗೆ ಅರೆಕಾಲಿಕ ಉದ್ಘೋಷಕರ ಪರೀಕ್ಷೆ ಬರೆಯಿರಿ. ಲೈಬ್ರರಿ, ಕ್ಯೂಶೀಟ್, ಸ್ಟುಡಿಯೋ ಎಲ್ಲ ಒಳಗಿನಿಂದ ಗೊತ್ತಾಗುತ್ತದೆ. ಸಂಗೀತದಲ್ಲಿ ಪದವಿ ಅಥವಾ ವಿದ್ವತ್ ಪರೀಕ್ಷೆ ಆಗಿದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯ, ನಿಮ್ಮದಲ್ಲದ ಸಂಗೀತವನ್ನು ಕೇಳುವ ಅಭ್ಯಾಸ. ಶಾಸ್ತ್ರೀಯ ಕಲಿತವರು ಒಂದು ಇಡೀ ರಾತ್ರಿ ಮೂಡಲಪಾಯ ನೋಡಲಿ. ಆರ್ಕೆಸ್ಟ್ರಾದಲ್ಲಿ ಹಾಡುವವರು ಹಳೆಯ ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನಕ್ಕೆ ಹೋಗಿ ಕೂರಲಿ. ಕನ್ನಡ ತಪ್ಪಿಲ್ಲದೆ ಬರೆಯಲು ಬರಬೇಕು. ಹೆಸರು ತಪ್ಪು ಬರೆದರೆ ಅದು ಹಾಗೇ ತಪ್ಪಾಗಿ ಪ್ರಸಾರವಾಗುತ್ತದೆ.

ನಮ್ಮೂರಲ್ಲಿ ಹಳೆಯ ಹಾಡು ಬಲ್ಲವರಿದ್ದಾರೆ. ಯಾರಿಗೆ ಹೇಳಬೇಕು?

ನಿಲಯಕ್ಕೆ ಒಂದು ಪತ್ರ ಬರೆಯಿರಿ. ಊರು, ದಾರಿ, ಯಾವ ಹಾಡು, ಎಷ್ಟು ಜನ ಹಾಡುತ್ತಾರೆ, ಯಾವ ತಿಂಗಳು ಬಿಡುವು, ಇಷ್ಟು ಇದ್ದರೆ ಸಾಕು. ಅವರು ಬರುವವರೆಗೆ ಕಾಯಬೇಡಿ. ವಯಸ್ಸಾದವರಾದರೆ ನೀವೇ ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಟ್ಟುಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬರುವುದಿಲ್ಲ. ಕೈಯಲ್ಲಿ ಹಿಡಿಯಬೇಡಿ, ಮಡಚಿದ ಟವೆಲಿನ ಮೇಲೆ, ಹಾಡುವವರಿಂದ ಎರಡು ಅಡಿ ದೂರದಲ್ಲಿಡಿ. ಹಾಡು ಶುರುವಾಗುವ ಮೊದಲು ಅವರ ಹೆಸರು, ಊರನ್ನು ಅವರ ಬಾಯಲ್ಲೇ ಹೇಳಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಧ್ವನಿ ಕೆಡುವುದಿಲ್ಲ. ಫೈಲಿಗೆ ‘ಹೊಸದು 1’ ಎಂದು ಹೆಸರಿಡಬೇಡಿ. ಹಾಡಿದವರ ಹೆಸರು, ಊರು, ತಾಲ್ಲೂಕು, ತಾರೀಖು ಬರೆದು ಇಡಿ.